ನನ್ನ ಗುಂಡಿ, ಅತ್ತೆಯ ಪರದೆ

ಅನ್ಯಾಯ ಕಂಡು ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನದಲ್ಲೇ ಇಲ್ಲ. ಅಂಗಿಯ ಒಂದು ತೋಳನ್ನು ಇನ್ನೊಂದಕ್ಕಿಂತ ಬೆರಳಗಲ ಉದ್ದ ಹೊಲಿದುಕೊಟ್ಟ ದರ್ಜಿಯ ಅಂಗಡಿ ಮುಂದೆ ಅದೇ ಅಂಗಿ ತೊಟ್ಟು, ಎರಡೂ ಕೈ ಮುಂದಕ್ಕೆ ಚಾಚಿ, ಬಂದ ಗಿರಾಕಿಗಳಿಗೆಲ್ಲ ದರ್ಶನ ಕೊಟ್ಟವನು ನಾನು. ಸೋರುವ ಫ್ಲಾಸ್ಕು ಮಾರಿದವನ ಗಲ್ಲಾದ ಮೇಲೆ ಅದೇ ಫ್ಲಾಸ್ಕನ್ನು ಬಿಸಿನೀರು ತುಂಬಿಸಿಟ್ಟು, ನೀರು ಅವನ ಮಡಿಲಿಗೆ ಇಳಿಯುವವರೆಗೆ ಹವಾಮಾನದ ಬಗ್ಗೆ ಮಾತಾಡಿದವನು ನಾನು. ಅಂಥವನು ವಿಮಾನದ ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತು ಹೆಂಡತಿಗೆ ಘೋಷಿಸಿದೆ:

"ಈ ಕಂಪನಿ ನನ್ನೆದುರು ಬಂದು ನಿಂತು, ತನ್ನ ಬಾಯಿಂದಲೇ ತಪ್ಪಾಯ್ತು ಅನ್ನೋವರೆಗೂ ನಾನು ಬಿಡೋದಿಲ್ಲ."

"ಮೊದ್ಲು ಆ ಬ್ಯಾಗು ಬಿಡಬೇಡಿ. ಅದರಲ್ಲಿ ಅಮ್ಮನ ಕನ್ನಡಕ ಇದೆ," ಎಂದಳು ಅವಳು.

ನಡೆದದ್ದು ಇಷ್ಟು. ನಾದಿನಿಗೆ, ಅಂದರೆ ಇವಳ ತಂಗಿಗೆ, ಮಗುವಾಗಿತ್ತು. ಮಗು ನೋಡಿಕೊಳ್ಳಲು ಹೋಗಿದ್ದ ಅತ್ತೆಯವರನ್ನು ನಮ್ಮ ಮನೆಗೆ ವಾಪಸು ಕರೆತರುತ್ತಿದ್ದೆವು. ಇಡೀ ಹಗಲು ಹಾರುವ ದೂರದ ವಿಮಾನ. ಕಿಟಕಿಯ ಪಕ್ಕ ನಾನು, ನಡುವೆ ಅತ್ತೆ, ಓಡಾಡುವ ದಾರಿಯ ಅಂಚಿಗೆ ಇವಳು. ಪ್ರತಿಯೊಬ್ಬರ ಎದುರಿಗೂ, ಮುಂದಿನ ಸೀಟಿನ ಬೆನ್ನಲ್ಲಿ, ಒಂದೊಂದು ಪುಟ್ಟ ಪರದೆ. ಸೀಟಿನ ಕೈಗೆ ಗಿಡ್ಡ ವೈರಿನಿಂದ ಕಟ್ಟಿಹಾಕಿದ ಒಂದೊಂದು ರಿಮೋಟು.

ಆ ಪರದೆ ನೋಡಿ ನನಗಾದ ಸಂತೋಷವನ್ನು ಮದುವೆಯಾದ ಗಂಡಸರು ಮಾತ್ರ ಅರ್ಥಮಾಡಿಕೊಂಡಾರು. ಮನೆಯಲ್ಲಿ ಟೀವಿ ನನ್ನ ಪಾಲಿಗೆ ಬರುವುದು ಕರೆಂಟು ಹೋದಾಗ. ಇಲ್ಲಿ ಇಡೀ ಪರದೆ ನನ್ನೊಬ್ಬನದೇ. ಸೀಟಿನ ಜೇಬಿನಲ್ಲಿದ್ದ ಪಟ್ಟಿಯಲ್ಲಿ ಹುಡುಕಿ ಹುಡುಕಿ ಒಂದು ಪತ್ತೇದಾರಿ ಸಿನಿಮಾ ಆರಿಸಿ, ಕಿವಿಗೆ ಹೆಡ್‌ಫೋನು ಏರಿಸಿ, ರಾಜಗಾಂಭೀರ್ಯದಿಂದ ಅದರ ನಂಬರಿನ ಗುಂಡಿ ಒತ್ತಿದೆ.

ನನ್ನ ಪರದೆ ಕದಲಲಿಲ್ಲ. ಪಕ್ಕದಲ್ಲಿ ಅತ್ತೆ ಬೆಚ್ಚಿಬಿದ್ದರು.

"ಅಯ್ಯೋ, ಯಾರನ್ನೋ ಚಾಕು ಹಾಕಿ ಕೊಂದ್ರು," ಎಂದರು.

ನೋಡಿದರೆ ನನ್ನ ಸಿನಿಮಾ ಅವರ ಪರದೆಯಲ್ಲಿ ಓಡುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಪೆಂಗ್ವಿನ್ನುಗಳು. ಅದಕ್ಕಾಗಿ ಅವರು ಒತ್ತಿದರು. ಪೆಂಗ್ವಿನ್ನುಗಳು ಸಾಲುಗಟ್ಟಿ ಇವಳ ಪರದೆಯೊಳಗೆ ನಡೆದುಬಂದವು. ಇವಳಿಗೆ ಬೇಕಾಗಿದ್ದದ್ದು ಮನೆ ಅಲಂಕಾರದ ಕಾರ್ಯಕ್ರಮ. ಅದನ್ನು ತರಿಸಿಕೊಳ್ಳಲು ಇವಳು ಒತ್ತಿದಳು. ನನ್ನ ಪರದೆಯಲ್ಲಿ ಒಬ್ಬ ನಗುಮುಖದ ಹೆಂಗಸು ಕಾಣಿಸಿಕೊಂಡು, ಕಿಟಕಿಗೆ ಎಂಥ ಬಟ್ಟೆಯ ಪರದೆ ಹಾಕಬೇಕೆಂದು ವಿವರಿಸತೊಡಗಿದಳು. ಪರದೆಯೊಳಗೂ ಪರದೆಯದೇ ಗೋಳು.

ನಾನು ಲಿಫ್ಟು ಕಂಪನಿಯೊಂದರಲ್ಲಿ ದುರಸ್ತಿಯ ಮೇಲ್ವಿಚಾರಕ. ಗುಂಡಿಗಳ ಜೊತೆಗೇ ತಲೆ ನರೆತವನು. ಎಲ್ಲೋ ವೈರು ಅದಲುಬದಲಾಗಿದೆ ಎಂದು ತಕ್ಷಣ ಹೊಳೆಯಿತು.

"ನೋಡೇ," ಎಂದೆ ಇವಳಿಗೆ, ಅತ್ತೆಯ ತಲೆಯ ಮೇಲಿಂದ. "ನನ್ನ ರಿಮೋಟು ಅತ್ತೆಯವರ ಪರದೆಗೆ ಹೋಗ್ತಿದೆ. ಅವರ ರಿಮೋಟು ನಿನ್ನದಕ್ಕೆ. ನಿನ್ನ ರಿಮೋಟಿಗೆ ನನ್ನ ಪರದೆ ಸಿಕ್ಕಿಕೊಂಡಿದೆ. ನಾನು ನಿನ್ನ ಕೈಲಿ, ನೀನು ನಿಮ್ಮಮ್ಮನ ಕೈಲಿ."

"ಅದರಲ್ಲಿ ಹೊಸದೇನಿದೆ?" ಎಂದಳು.

ಗಗನಸಖಿಯನ್ನು ಕರೆಯಲು ರಿಮೋಟಿನಲ್ಲೇ ಒಂದು ಗುಂಡಿ ಇತ್ತು. ಒತ್ತಿದೆ. ದೀಪ ಹತ್ತಿದ್ದು ಅತ್ತೆಯ ತಲೆಯ ಮೇಲೆ. ಗಗನಸಖಿ ಬಂದವಳೇ ಅತ್ತೆಯ ಕಡೆ ಬಾಗಿ, "ಏನು ಬೇಕಮ್ಮಾ?" ಎಂದಳು.

"ನಾನೇನೂ ಕರೀಲಿಲ್ಲ ಮಗಾ. ಬಂದಿದ್ದೀಯಲ್ಲ, ಒಂದು ಲೋಟ ಕಿತ್ತಳೆ ರಸ ಕೊಡು," ಎಂದರು ಅತ್ತೆ.

ಕಿಟಕಿಯ ಮೂಲೆಯಿಂದ ನಾನು ಕೈಬೀಸುವಷ್ಟರಲ್ಲಿ ಅವಳು ಹೋಗಿಯಾಗಿತ್ತು. ಮತ್ತೆ ಒತ್ತಿದೆ. ಅತ್ತೆಗೆ ದಿಂಬು ಬಂತು. ಇನ್ನೊಮ್ಮೆ ಒತ್ತಿದೆ. ಹೊದಿಕೆ ಬಂತು. ನಾನು ದೂರು ಕೊಡಲು ಪ್ರಯತ್ನಿಸಿದಷ್ಟೂ ಅತ್ತೆಗೆ ಸೌಕರ್ಯ ಹೆಚ್ಚುತ್ತ ಹೋಯಿತು. ಕೊನೆಗೆ ಎದ್ದು ನಿಂತು ಕೂಗಿಯೇ ಕರೆದೆ. ಗಗನಸಖಿ ನನ್ನ ಮಾತನ್ನೆಲ್ಲ ತಲೆಯಾಡಿಸಿ ಕೇಳಿದಳು. ಅದೇನೋ ನಿಲ್ಲಿಸಿ, ಅದೇನೋ ಶುರು ಮಾಡಿ ನೋಡಿದಳು. ಏನೂ ಬದಲಾಗಲಿಲ್ಲ.

"ನೀವು ಮೂರೂ ಜನ ಒಂದೇ ಫ್ಯಾಮಿಲಿ ಅಲ್ವಾ ಸರ್? ರಿಮೋಟು ಬದಲಾಯಿಸಿಕೊಂಡುಬಿಡಿ," ಎಂದಳು.

ಹಾಗೇ ಮಾಡಿದೆವು. ಆದರೆ ವೈರು ಗಿಡ್ಡ. ಇವಳ ರಿಮೋಟು ನನ್ನ ಕೈಗೆ ಬರಬೇಕಾದರೆ ಅದರ ವೈರು ಅತ್ತೆಯ ಎದೆಯ ಮುಂದೆ ಬೇಲಿಯ ತಂತಿಯಂತೆ ಬಿಗಿಯಬೇಕಾಯಿತು. ನನ್ನದು ಈ ಕಡೆಯಿಂದ ಅವರ ಮಡಿಲಿಗೆ ಹೋಯಿತು. ಅವರದು ಆ ಕಡೆ ಇವಳ ಮುಷ್ಟಿ ಸೇರಿತು. ಅತ್ತೆ ಎಲ್ಲ ದಿಕ್ಕಿನಿಂದಲೂ ಕಟ್ಟಿಹಾಕಿದ ಪಾರ್ಸಲ್ಲಿನಂತೆ ಕೂತರು. ಹೊತ್ತು ಸ್ವಲ್ಪ ಶಾಂತವಾಗಿಯೇ ಕಳೆಯಿತು. ನನ್ನ ಸಿನಿಮಾದಲ್ಲಿ ಪತ್ತೇದಾರ ಎಲ್ಲರನ್ನೂ ಒಂದು ಕೋಣೆಗೆ ಕರೆಸಿ ಬಾಗಿಲು ಹಾಕಿದ. "ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ," ಎಂದ. ನಾನು ಉಸಿರು ಬಿಗಿಹಿಡಿದೆ.

ಅತ್ತೆಗೆ ಅದೇ ಕ್ಷಣ ಬಾತ್‌ರೂಮಿಗೆ ಹೋಗಬೇಕಾಯಿತು.

ಅವರು ಎದ್ದರು. ಮೂರು ವೈರುಗಳೂ ಅವರ ಜೊತೆಗೇ ಎದ್ದವು. ನನ್ನ ಕೈಯಿಂದ ಹಾರಿದ ರಿಮೋಟು ಮುಂದಿನ ಸೀಟಿನವನ ಬೋಳುತಲೆಗೆ ಬಡಿದು ವಾಪಸು ಬಂತು. ಬಡಿದ ರಭಸಕ್ಕೆ ಅದರಲ್ಲಿ ಏನೇನೋ ಗುಂಡಿ ಒತ್ತಿಹೋಯಿತು. ನನ್ನ ಪರದೆಯಲ್ಲಿ ಪತ್ತೇದಾರ ಮಾಯವಾಗಿ ನಕಾಶೆಯೊಂದು ಬಂದು ನಿಂತಿತು. ಅದರ ಮೇಲೆ ನಮ್ಮ ವಿಮಾನ ಸಮುದ್ರದ ನಡುವೆ ಇರುವೆಯಂತೆ ಹರಿಯುತ್ತಿತ್ತು. ಅಲ್ಲಿಂದಾಚೆ ಅದು ಯಾರು ಏನು ಒತ್ತಿದರೂ ಬದಲಾಗಲಿಲ್ಲ.

ಮುಂದಿನ ಸೀಟಿನವನ ಕ್ಷಮೆ ಕೇಳಿ ಕೂತು, ವಾಪಸು ಬಂದ ಅತ್ತೆಯನ್ನು ಕೇಳಿದೆ: "ಆ ಸಿನಿಮಾ ಮೊದಲು ನಿಮ್ಮ ಪರದೆಗೆ ಬಂದಾಗ ನೀವು ಕೊನೇವರೆಗೂ ನೋಡಿದ್ರಲ್ಲ. ಕೊಂದೋರು ಯಾರು?"

ಅವರು ಹೆಡ್‌ಫೋನು ಏರಿಸಿಕೊಂಡಿದ್ದರು. ಹೆಡ್‌ಫೋನು ಏರಿದ ಕೂಡಲೇ ಜಗತ್ತೆಲ್ಲ ಕಿವುಡಾಗಿದೆ ಎಂಬುದು ಅವರ ನಂಬಿಕೆ.

"ಆ ತೋಟದ ಮಾಲೀನೇ ಕಣ್ರೀ ಕೊಂದಿದ್ದು," ಎಂದು ಇಡೀ ವಿಮಾನಕ್ಕೆ ಕೇಳುವಂತೆ ಹೇಳಿದರು. ಹಿಂದೆ ಮುಂದೆ ಅಕ್ಕಪಕ್ಕದಲ್ಲಿ ಅದೇ ಸಿನಿಮಾ ನೋಡುತ್ತಿದ್ದವರೆಲ್ಲ ಹೆಡ್‌ಫೋನು ಕಳಚಿ ನನ್ನನ್ನು ನೋಡಿದರು. ಅತ್ತೆಯನ್ನಲ್ಲ. ನನ್ನನ್ನು.

ಹೇಳಿ, ನಾನು ಸುಮ್ಮನಿರಬೇಕಿತ್ತೇ?

ಮಾರನೆಯ ದಿನ ಆಫೀಸಿನಿಂದಲೇ ವಿಮಾನ ಕಂಪನಿಗೆ ಫೋನು ಮಾಡಿದೆ. ಸಂಗೀತ ಕೇಳಿಸಿದರು. ದೂರಿಗೆ ಇಂಥ ಗುಂಡಿ, ಕಳೆದುಹೋದ ಸಾಮಾನಿಗೆ ಇಂಥ ಗುಂಡಿ ಎಂದರು. ದೂರಿನ ಗುಂಡಿ ಒತ್ತಿದರೆ ಸಾಮಾನಿನ ವಿಭಾಗ ಎತ್ತಿಕೊಂಡಿತು. ಈ ಕಂಪನಿಯ ಗುಂಡಿಗಳ ಚಾಳಿಯೇ ಹೀಗೆಂದು ಖಾತ್ರಿಯಾಯಿತು. ಅವರು ಇವರಿಗೆ, ಇವರು ಅವರಿಗೆ ದಾಟಿಸಿ ಕಡೆಗೆ ಒಬ್ಬ ಅಧಿಕಾರಿಣಿ ಸಿಕ್ಕಳು. ದನಿಯಲ್ಲಿ ಎಂಥ ಜೇನು! ನನ್ನ ಪಾಲಿಗೆ ಅವಳ ಹೆಸರು ಜೇನುದನಿ ಎಂದೇ ಆಯಿತು.

"ನಿಮ್ಮ ಪರದೆ ಕೆಲಸ ಮಾಡ್ತಿರಲಿಲ್ವಾ ಸರ್?"

"ಮಾಡ್ತಿತ್ತು."

"ರಿಮೋಟು ಕೆಲಸ ಮಾಡ್ತಿರಲಿಲ್ವಾ?"

"ಅದೂ ಮಾಡ್ತಿತ್ತು."

"ಹಾಗಾದ್ರೆ ತೊಂದರೆ ಏನು ಸರ್?"

"ನಮ್ಮತ್ತೆಗೆ ಮಾಡ್ತಿತ್ತು."

ಆ ಕಡೆ ಏನೋ ಟೈಪು ಮಾಡುವ ಸದ್ದು ಕೇಳಿಸಿತು.

"ಅತ್ತೆಯವರು ದೂರು ಕೊಟ್ಟಿದ್ದಾರಾ ಸರ್?"

"ಅವರ್ಯಾಕೆ ಕೊಡ್ತಾರೆ? ಅವರಿಗೆ ದಿಂಬು, ಹೊದಿಕೆ, ಕಿತ್ತಳೆ ರಸ ಎಲ್ಲ ಸಿಕ್ಕಿದೆ. ಇದು ಮನರಂಜನೆ ಅಲ್ಲಮ್ಮ, ಅತ್ತೆರಂಜನೆ. ನಾನು ಲಿಫ್ಟಿನ ಕೆಲಸದವನು. ಮೂರನೇ ಮಹಡಿಯ ಗುಂಡಿ ಒತ್ತಿದವರನ್ನ ಐದನೇ ಮಹಡಿಗೆ ಕರ್ಕೊಂಡು ಹೋಗಿ, ಲಿಫ್ಟು ಚೆನ್ನಾಗೇ ಓಡ್ತಿದೆಯಲ್ಲ ಅಂತ ನಾನು ಹೇಳಿದ್ರೆ ನೀವು ಒಪ್ತೀರಾ?"

"ನೋಟ ಇನ್ನೂ ಚೆನ್ನಾಗಿರುತ್ತಲ್ವಾ ಸರ್, ಐದನೇ ಮಹಡಿಯಿಂದ?"

ನಾನು ಫೋನನ್ನೇ ನೋಡಿದೆ. ತಮಾಷೆಗೆ ಹೇಳಿದಳೋ ನಿಜಕ್ಕೆ ಹೇಳಿದಳೋ ಇವತ್ತಿಗೂ ಗೊತ್ತಿಲ್ಲ. ಆದರೂ ಅವಳು ಒಳ್ಳೆಯವಳೇ. ಮುಂದಿನ ಸಲ ಹೋಗುವಾಗ ಮೂವರಿಗೂ ಮುಂಭಾಗದ ದೊಡ್ಡ ಸೀಟು, ಕಾಲು ಚಾಚಿ ಮಲಗುವಂಥದ್ದು, ಕೊಡಿಸುತ್ತೇನೆ ಎಂದಳು.

"ಬೇಡ," ಎಂದೆ. "ನಾನು ಮಲಗೋಕೆ ಜಾಗ ಕೇಳಿಲ್ಲ. ತಪ್ಪಾಯ್ತು ಅನ್ನೋ ಒಂದು ಮಾತು ಕೇಳಿದ್ದು. ಎದುರಿಗೆ ನಿಂತು, ಬಾಯಿಬಿಟ್ಟು."

ಆ ಸಂಜೆ ಊಟದ ಮೇಜಿನಲ್ಲಿ ನನ್ನ ಈ ಪರಾಕ್ರಮವನ್ನು ಎದೆಯುಬ್ಬಿಸಿ ವರ್ಣಿಸಿದೆ. ಇವಳು ಬಡಿಸುತ್ತಿದ್ದ ಸೌಟು ಅರ್ಧದಲ್ಲೇ ನಿಂತಿತು.

"ಮಲಗಿಕೊಂಡು ಹೋಗೋ ಸೀಟು ಕೊಟ್ರೆ ಬೇಡ ಅಂದ್ರಾ? ಮೂರೂ ಜನರದ್ದೂ?"

"ಸ್ವಾಭಿಮಾನ ಅಂತ ಒಂದಿರುತ್ತೆ."

"ಅದಕ್ಕೆ ಮಂಡಿ ನೋವು ಬರುತ್ತಾ? ಅಮ್ಮನಿಗೆ ಬರುತ್ತೆ. ಮಗು ನೋಡೋಕೆ ಮತ್ತೆ ಹೋಗ್ಬೇಕು ಅಂತ ದಿನಾ ಹಲುಬ್ತಿದ್ದಾರೆ, ಅಷ್ಟು ಹೊತ್ತು ಮಡಚಿಕೊಂಡು ಕೂರೋದು ಹೇಗೆ ಅಂತ ಹೆದರ್ತಿದ್ದಾರೆ. ನಿಮಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳುವವನು ನಾನಲ್ಲ. "ತತ್ತ್ವ ಅಂದ ಮೇಲೆ ಸ್ವಲ್ಪ ನೋವು ಇದ್ದದ್ದೇ," ಎಂದೆ.

ಆವತ್ತಿನಿಂದ ಇವಳು ನನ್ನ ಜೊತೆ ನೇರವಾಗಿ ಮಾತು ಬಿಟ್ಟಳು. ಎಲ್ಲವೂ ಅತ್ತೆಯ ಮೂಲಕ. "ಅಮ್ಮಾ, ನಿನ್ನ ಅಳಿಯಂದ್ರಿಗೆ ಊಟಕ್ಕೆ ಬರಬೇಕು ಅಂತ ಹೇಳು." ಅತ್ತೆ ನನ್ನತ್ತ ತಿರುಗಿ, "ಅಳಿಯಂದ್ರೇ, ಊಟಕ್ಕೆ ಬರಬೇಕಂತೆ." ನಾನೂ ಅದೇ ದಾರಿಯಲ್ಲಿ, "ಹಸಿವಿಲ್ಲ ಅಂತ ಹೇಳಿ." ಅತ್ತೆ ಮಗಳ ಕಡೆ ತಿರುಗಿ, "ಬರ್ತಾರಂತೆ, ಇನ್ನೂ ಸ್ವಲ್ಪ ಜಾಸ್ತಿ ಬಡಿಸ್ಬೇಕಂತೆ," ಎನ್ನುವರು. ಕಳಿಸಿದ ಮಾತೊಂದು, ತಲುಪುವ ಮಾತೊಂದು. ಆದರೂ ಊಟವಂತೂ ತಪ್ಪುತ್ತಿರಲಿಲ್ಲ.

ಎಷ್ಟೇ ಆಗಲಿ ನಾನು ಪಟ್ಟು ಬಿಡಲಿಲ್ಲ. ಬಿಡುವಾದಾಗಲೆಲ್ಲ ಜೇನುದನಿಗೆ ಫೋನು. ಕಡೆಗೆ ಅವಳ ಜೇನೂ ಖಾಲಿಯಾಯಿತೆಂದು ಕಾಣುತ್ತದೆ.

"ಒಂದು ಕೆಲಸ ಮಾಡಿ ಸರ್. ನಮ್ಮ ತರಬೇತಿ ಕೇಂದ್ರದಲ್ಲಿ ಅಂಥದ್ದೇ ಸೀಟುಗಳಿವೆ. ನೀವು ಮೂವರೂ ಬನ್ನಿ. ನಮ್ಮ ಇಂಜಿನಿಯರು ಇರ್ತಾರೆ. ಏನೇನಾಯ್ತು ಅಂತ ಅವರಿಗೆ ಕೂತು ತೋರಿಸಿ."

ವಿಜಯ! ಸಾಕ್ಷಿಗಳಿಬ್ಬರನ್ನೂ ಹೊರಡಿಸಿದೆ. ಅತ್ತೆ ಹೊಸ ಚಪ್ಪಲಿ ಮೆಟ್ಟಿಕೊಂಡು ಉತ್ಸಾಹದಿಂದಲೇ ಬಂದರು. ಇವಳು ಬಂದದ್ದು ಅತ್ತೆಯ ಮಂಡಿ ಹಿಡಿದುಕೊಳ್ಳಲು. ಹಾಗೆಂದು ಅತ್ತೆಯ ಮೂಲಕ ನನಗೆ ತಿಳಿಸಿದಳು.

ಕೇಂದ್ರದ ಬಾಗಿಲಲ್ಲಿದ್ದ ಕಾವಲುಗಾರ ನಮ್ಮನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ಜಗಳ ಆಡೋಕೆ ಬಂದಿರೋ ಫ್ಯಾಮಿಲಿ ನೀವೇನಾ?"

ಇಷ್ಟು ನೇರವಾದ ಪ್ರಶ್ನೆಗೆ ನೇರವಾದ ಉತ್ತರ ಕೊಡುವುದೇ ಧರ್ಮ. "ಹೌದು, ನಾವೇ," ಎಂದೆ.

"ಬಲಗಡೆ ದೊಡ್ಡ ಹಾಲು. ಎಲ್ರೂ ನಿಮಗೇ ಕಾಯ್ತಿದ್ದಾರೆ."

ಹಾಲಿನೊಳಗೆ ವಿಮಾನದ ಹೊಟ್ಟೆಯನ್ನೇ ಕತ್ತರಿಸಿ ತಂದಿಟ್ಟ ಹಾಗೆ ಸೀಟಿನ ಸಾಲುಗಳು. ಸುತ್ತಲೂ ಸಮವಸ್ತ್ರ ತೊಟ್ಟ ಹುಡುಗ ಹುಡುಗಿಯರು, ಕೈಕಟ್ಟಿ ನಿಂತಿದ್ದರು. ಕೂದಲನ್ನು ಬಿಗಿಯಾಗಿ ಗಂಟು ಹಾಕಿದ್ದ ಮೇಡಂ ಒಬ್ಬರು ಮುಂದೆ ಬಂದು, "ಬನ್ನಿ, ತಡ ಆಯ್ತು ಅಂದ್ಕೊಂಡೆ. ಕೂತ್ಕೊಂಡು ಶುರು ಮಾಡಿ. ಏನೂ ಹಿಡಿದಿಟ್ಟುಕೊಳ್ಳಬೇಡಿ, ಪೂರ್ತಿ ಸಿಟ್ಟು ಬರಲಿ," ಎಂದರು.

ನನ್ನ ಕಣ್ಣಲ್ಲಿ ನೀರಾಡಿತು. ಒಂದು ದೂರಿಗೆ ಇಷ್ಟು ಮರ್ಯಾದೆಯೇ? ಇಡೀ ಸಿಬ್ಬಂದಿಯನ್ನೇ ನಿಲ್ಲಿಸಿದ್ದಾರಲ್ಲ! ಕೂತೆ. ಶುರು ಮಾಡಿದೆ. ನನ್ನ ಗುಂಡಿ, ಅತ್ತೆಯ ಪರದೆ, ಇವಳ ಕಿಟಕಿ ಬಟ್ಟೆ, ಸಮುದ್ರದಲ್ಲಿ ನಿಂತುಹೋದ ನಕಾಶೆ, ಎಲ್ಲವನ್ನೂ ಕೈ ಬೀಸಿ, ಎದೆ ತಟ್ಟಿ, ಅಗತ್ಯವಿದ್ದಲ್ಲಿ ಸೀಟಿನ ಮೇಲೇ ಎದ್ದು ನಿಂತು ನಿರೂಪಿಸಿದೆ.

ಮೇಡಂ ಸನ್ನೆ ಮಾಡಿದರು. ಒಬ್ಬ ಹುಡುಗ ನನ್ನ ಮುಂದೆ ಬಂದು ಬಾಗಿ, "ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಸರ್," ಎಂದ.

"ಇದು ಸಾಲದು," ಎಂದರು ಮೇಡಂ. ನಾನು ಹೇಳಬೇಕೆಂದಿದ್ದ ಮಾತನ್ನೇ! "ಮನಸಾರೆ ಹೇಳಬೇಕು. ಮುಂದಿನವರು ಬನ್ನಿ."

ಮುಂದಿನವಳು ಬಂದಳು. "ನಮ್ಮದೇ ತಪ್ಪು ಸರ್." ಇನ್ನೊಬ್ಬ ಬಂದ. "ತಪ್ಪಾಯ್ತು ಸರ್, ಹೀಗಾಗಬಾರದಿತ್ತು." ಒಬ್ಬರ ಹಿಂದೆ ಒಬ್ಬರು, ಸಾಲುಗಟ್ಟಿ. ಕೊನೆಗೆ ಬಂದ ಹುಡುಗಿ ಮಂಡಿಯೂರಿ ಕೂತು, ನನ್ನ ಕಣ್ಣಲ್ಲೇ ಕಣ್ಣಿಟ್ಟು, "ನೀವು ಪಟ್ಟ ಕಷ್ಟ ಕೇಳಿ ನನಗೇ ಸಂಕಟ ಆಗ್ತಿದೆ ಸರ್. ದಯವಿಟ್ಟು ಕ್ಷಮಿಸಿ," ಎಂದಳು. ಎರಡೂ ಕೈ ಮುಗಿದಳು.

ಅಷ್ಟಕ್ಕೆ ನಾನು ಬೆಣ್ಣೆಯಾಗಿಬಿಟ್ಟೆ. "ಏಳಮ್ಮಾ, ಏಳು," ಎಂದೆ. "ನಿನ್ನ ತಪ್ಪೇನಿದೆ? ಯಂತ್ರ ಅಂದ ಮೇಲೆ ಕೆಡುತ್ತೆ. ನಮ್ಮ ಲಿಫ್ಟುಗಳೂ ಕೆಡ್ತವೆ. ಎಲ್ಲರನ್ನೂ ಕ್ಷಮಿಸಿದ್ದೇನೆ." ಹೀಗೆಂದು, ಕ್ಷಮೆಯ ಮಹತ್ತ್ವವನ್ನು ಕುರಿತು ಸಣ್ಣದೊಂದು ಭಾಷಣವನ್ನೂ ಕೊಟ್ಟೆ.

ಮೇಡಂ ಚಪ್ಪಾಳೆ ತಟ್ಟಿ ನಿಲ್ಲಿಸಿದರು.

"ಇಷ್ಟು ಬೇಗ ಕರಗಿಬಿಟ್ರೆ ಹೇಗೆ ಸರ್? ನಿಜವಾದ ಪ್ರಯಾಣಿಕರು ಹೀಗೆ ಕರಗಲ್ಲ. ಸೀಟಿನ ಮೇಲೆ ನಿಂತು ಯಾರೂ ಮಾತಾಡಲ್ಲ. ಸಿಟ್ಟು ಸಹಜವಾಗಿ ಬರಲಿಲ್ಲ. ಅಲ್ಲದೆ, ಒಬ್ಬರು ಒತ್ತಿದ್ದು ಇನ್ನೊಬ್ಬರಿಗೆ ಹೋಗುತ್ತೆ ಅನ್ನೋ ಆ ಕಥೆ ಯಾರು ಬರೆದುಕೊಟ್ಟಿದ್ದು? ಸ್ವಲ್ಪಾನೂ ನಂಬೋ ಹಾಗಿಲ್ಲ."

"ಕಥೆ ಅಲ್ಲ ಮೇಡಂ, ನಿಜ. ನಿಮ್ಮ ವಿಮಾನದಲ್ಲೇ ನಡೆದದ್ದು."

"ನೋಡಿ, ಈಗ ಹೇಳಿದ್ರಲ್ಲ, ಇದು ಪರವಾಗಿಲ್ಲ," ಎಂದರು ಮೇಡಂ.

ಅಷ್ಟರಲ್ಲಿ ಬಾಗಿಲು ತೆರೆದು ಇನ್ನೊಂದು ಕುಟುಂಬ ಬಂತು. ಗಂಡ, ಹೆಂಡತಿ, ಒಬ್ಬ ಅಜ್ಜ. ಗಂಡನ ಮುಖಕ್ಕೆ ಮೇಕಪ್ಪು. ನಾಟಕದವರಂತೆ, ಹೊಸಬರಿಗೆ ಸಿಟ್ಟಿನ ಪ್ರಯಾಣಿಕರನ್ನು ಸಮಾಧಾನಪಡಿಸುವ ಪಾಠವಿತ್ತಂತೆ, ಅದಕ್ಕೆ ಜಗಳ ಆಡಲು ಕರೆಸಿದ್ದು ಅವರನ್ನಂತೆ. ನಮ್ಮ ಇಂಜಿನಿಯರು ಎಡಗಡೆಯ ಕೋಣೆಯಲ್ಲಿ ಕಾದು ಕಾದು ಊಟಕ್ಕೆ ಹೋಗಿದ್ದನಂತೆ.

ಇವಳು ಸೀಟಿನಲ್ಲಿ ಮುಖ ಮುಚ್ಚಿಕೊಂಡು ಕುಲುಕುತ್ತಿದ್ದಳು. ಅಳುತ್ತಿದ್ದಾಳೆಂದುಕೊಂಡು ಹೆಗಲು ಮುಟ್ಟಿದೆ. ನಗುತ್ತಿದ್ದಳು. "ರೀ," ಎಂದಳು, ಎಷ್ಟೋ ದಿನಗಳ ಮೇಲೆ ನೇರವಾಗಿ ನನಗೇ, "ಕ್ಷಮಿಸಿಬಿಟ್ರಲ್ಲ, ಪಾಪ, ಭಾಷಣ ಬೇರೆ ಮಾಡಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಅತ್ತೆಯ ಮೆಲುದನಿ ಕೇಳಿಸಿತು. ಈ ಗಲಾಟೆಯಲ್ಲಿ ಅವರನ್ನು ಎಲ್ಲರೂ ಮರೆತಿದ್ದರು.

"ಮಗಾ, ಈ ಸೀಟು ಹಿಂದಕ್ಕೆ ಬಾಗಲ್ವಾ?" ಎಂದು ಒಬ್ಬ ಹುಡುಗನನ್ನು ಕೇಳುತ್ತಿದ್ದರು. ಬಾಗಿಸಿದ. "ಇಷ್ಟೊಂದು ಬೇಡಪ್ಪ." ಎತ್ತಿದ. "ಈಗ ಗಾಳಿ ನೇರ ತಲೆಗೆ ಹೊಡೀತಿದೆ." ಗಾಳಿ ತಿರುಗಿಸಿದ. "ಈಗ ಪಾಪ ಪಕ್ಕದಲ್ಲಿ ನಿಂತಿರೋ ಆ ಹುಡುಗೀಗೆ ಹೊಡೀತಿದೆ ನೋಡು." ಹುಡುಗಿಯೊಬ್ಬಳು ಹೊದಿಕೆ ತಂದಳು. "ಇದು ಚುಚ್ಚುತ್ತೆ. ಬೇಜಾರು ಮಾಡ್ಕೋಬೇಡ, ನಿಂಗೆ ಸುಮ್ನೆ ತೊಂದ್ರೆ." ಇನ್ನೊಂದು ತಂದಳು. "ಬಣ್ಣ ಚೆನ್ನಾಗಿದೆ. ಅದೇ ಮೊದಲಿನದ್ದೇ ಕೊಟ್ಬಿಡು." ದನಿ ಏರಲಿಲ್ಲ, ಮುಖದ ನಗು ಮಾಸಲಿಲ್ಲ. ನೋಡನೋಡುತ್ತ ಅರ್ಧ ತರಗತಿ ಅವರ ಸುತ್ತ ಬೆವರು ಒರೆಸಿಕೊಂಡು ಓಡಾಡುತ್ತಿತ್ತು. ಆಗಷ್ಟೇ ನನ್ನನ್ನು ಕಣ್ಣೀರಿನ ಅಂಚಿಗೆ ತಂದಿದ್ದ ಹುಡುಗಿ ಈಗ ನಿಜವಾಗಿಯೇ ಅಳುವಂತಿದ್ದಳು.

ಮೇಡಂ ಮಂತ್ರಮುಗ್ಧರಾಗಿ ನೋಡುತ್ತಿದ್ದರು. ನಾಟಕದ ಗಂಡ ಕೂಡ.

"ಇವರನ್ನ ಇಲ್ಲೀವರೆಗೆ ಎಲ್ಲಿಟ್ಟಿದ್ರಿ ಸರ್?" ಎಂದರು ಮೇಡಂ ನನಗೆ.

ಆಮೇಲಿನದು ಬೇಗ ಮುಗಿಯುತ್ತದೆ. ನನ್ನ ದೂರು ಏನಾಯಿತೆಂದು ಕೇಳಲು ಜೇನುದನಿಗೆ ಫೋನು ಮಾಡಿದರೆ, "ಮುಗೀತಲ್ಲ ಸರ್. ಇಡೀ ಬ್ಯಾಚು ಎದುರಿಗೆ ನಿಂತು, ಬಾಯಿಬಿಟ್ಟು ಕ್ಷಮೆ ಕೇಳಿದೆ. ನೀವೂ ಕ್ಷಮಿಸಿದ್ದೀರಿ. ಮೇಡಂ ಬರೆದು ಕಳಿಸಿದ್ದಾರೆ," ಎಂದಳು. ಅದು ಅಭ್ಯಾಸದ ಕ್ಷಮೆ, ಅಸಲಿಯಲ್ಲ ಎಂದು ಎಷ್ಟು ವಾದಿಸಿದರೂ ಕೇಳಲಿಲ್ಲ. ಅತ್ತೆಯನ್ನು ಈಗ ಪ್ರತಿ ಹೊಸ ಬ್ಯಾಚಿನ ಪಾಠಕ್ಕೂ ಪ್ರಯಾಣಿಕಳಾಗಿ ಕರೆಯುತ್ತಾರೆ. ಅವರ ಸೇವೆ ಮೆಚ್ಚಿ ಮಲಗುವ ಸೀಟುಗಳನ್ನೂ ಕೊಟ್ಟಿದ್ದಾರೆ, ಅವರಿಗೊಂದು, ಜೊತೆಗೆ ಬರುವ ಮಗಳಿಗೊಂದು. ಮೂರನೆಯದು, ಬೇಡವೆಂದು ನಾನೇ ಹೇಳಿರುವುದಾಗಿ ಅವರಲ್ಲಿ ದಾಖಲಾಗಿದೆ.

ಆದರೂ ಹೇಳುತ್ತೇನೆ, ನಾನು ಸೋತಿಲ್ಲ. ನನ್ನ ಸಿಟ್ಟನ್ನು ಕೃತಕವೆಂದ ಆ ಮೇಡಂ ಮೇಲೇ ಒಂದು ದೂರು ಕೊಡಬೇಕೆಂದು ಹೋದ ವಾರ, ಅತ್ತೆಯನ್ನು ಪಾಠಕ್ಕೆ ಬಿಡಲು ಹೋದಾಗ, ಹೊರಗಿನ ಬೆಂಚಿನಲ್ಲಿ ಕಾದು ಕೂತೆ. ಸಾಕಾಗಿ ಎದ್ದು, ಆಗಷ್ಟೇ ಪಾಳಿಗೆ ಬಂದಿದ್ದ ಹೊಸ ಕಾವಲುಗಾರನನ್ನು ಕೇಳಿದೆ:

"ಇಲ್ಲಿ ದೂರು ಕೊಡೋದು ಎಲ್ಲಪ್ಪ?"

ಅವನು ನನ್ನ ಮುಖವನ್ನು ಕನಿಕರದಿಂದ ನೋಡಿ, ಹಾಲಿನ ಕಡೆ ಕೈ ತೋರಿಸಿದ.

"ಎಲ್ಲಾದ್ರೂ ಕೊಡಿ ಸರ್, ಆದ್ರೆ ಮೊದ್ಲು ಒಳಗೆ ಹೋಗಿ ಸ್ವಲ್ಪ ಹೊತ್ತು ಹಿಂದಿನ ಸಾಲಲ್ಲಿ ಕೂತ್ಕೊಳ್ಳಿ. ಒಬ್ಬರು ಅಮ್ಮ ಬಂದಿದ್ದಾರೆ. ದೂರು ಅಂದ್ರೆ ಹೇಗಿರ್ಬೇಕು ಅಂತ ಅವರನ್ನ ನೋಡಿ ಕಲೀಬೇಕು."